ತಿಂಗಳಿಗೆ ಮೂರು ದಿನ

ಬಸ್ಸಿನ ಕಿಟಕಿಯ ಸರಳು ತಣ್ಣಗಿದೆ, ಪುಣೆಯ ಜನವರಿ ಚಳಿ, ಆದರೂ ಇಂದೂಳ ಕುತ್ತಿಗೆಯಿಂದ ಬೆವರು ಇಳಿಯುತ್ತಿದೆ, ಮೂವತ್ನಾಲ್ಕಕ್ಕೇ ಈ ಬೆವರು, ಖಡಕೀ ಖಡಕೀ, ಪುಢೇ ಚಲಾ ಎನ್ನುತ್ತಾನೆ ಕಂಡಕ್ಟರ್, ಇನ್ನೂ ಎಷ್ಟು ಮುಂದೆ ಹೋಗಬೇಕಪ್ಪಾ, ಚೀಲದೊಳಗೆ ಆಸ್ಪತ್ರೆಯ ಕಾಗದ, ಅಂಡಾಶಯ ಕೆಲಸ ನಿಲ್ಲಿಸಿದೆ ಎಂದು ಬರೆದ ಕಾಗದ — ದಣಿವು, ಎಲುಬಿನೊಳಗೇ ದಣಿವು. ಡಾಕ್ಟರಬಾಯಿ ನಿಧಾನವಾಗಿ ಹೇಳಿದಳು, ಇದು ನಿನ್ನ ತಪ್ಪಲ್ಲ, ಎಕ್ಸ್ ವರ್ಣತಂತುವಿನ ದೋಷ, ನಿಮ್ಮ ಅಪ್ಪನ ಕಡೆಯಿಂದ ಬಂದಿರಬೇಕು, ಹಾಗಿದ್ದರೆ ಅವರ ಹೆಣ್ಣುಮಕ್ಕಳಿಗೆಲ್ಲ ಬಂದಿರುತ್ತದೆ, ತಂಗಿ ಇದ್ದಾಳೇನು — ಇದ್ದಾಳೆ, ಅನುಜಾ, ಖಡಕಿಯ ಕ್ವಾರ್ಟರ್ಸಿನಲ್ಲಿ — ಮಕ್ಕಳು ಬೇಕಿದ್ದರೆ ತಡ ಮಾಡಬೇಡ ಅನ್ನು ಅವಳಿಗೆ. ಅಪ್ಪನಿಂದ! ಸೋದರತ್ತೆ ರುದ್ರವ್ವನ ಮುಟ್ಟು ಮೂವತ್ತಕ್ಕೆ ನಿಂತಾಗ ಬಂಜಿ ಬಂಜಿ ಅಂದಿತಲ್ಲ ಧಾರವಾಡದ ಇಡೀ ಓಣಿ, ಅವಳ ಗಂಡನ ಎರಡನೇ ಲಗ್ನದಲ್ಲಿ ಹಿರಿಯನಾಗಿ ಕೂತು ಹೋಳಿಗೆ ಉಂಡವನು ಇದೇ ಅಪ್ಪ, ಒಡಹುಟ್ಟಿದವನು, ಅದೇ ದೋಷವನ್ನು ಮೈಯಲ್ಲಿ ಹೊತ್ತವನು, ಗಂಡಸಿನ ಮೈಯಲ್ಲಿ ತೆಪ್ಪಗಿದ್ದರೆ ಮನೆತನದ ರಕ್ತ, ಹೆಣ್ಣಿನ ಮೈಯಲ್ಲಿ ಎದ್ದರೆ ಅವಳ ಪಾಪ. ರುದ್ರವ್ವನ ಗತಿ ಕಂಡೇ ಇಂದೂ ಕಲಿತದ್ದು, ಮುಟ್ಟು ನಿಂತ ಮೇಲೂ ಮೂರು ವರ್ಷ, ತಿಂಗಳಿಗೆ ಮೂರು ದಿನ, ಹೊರಗಾಗೀನ್ರಿ ಅತ್ತಿ ಎಂದು ಮೂಲೆಯಲ್ಲಿ ಚಾಪೆ ಹಾಸಿ ಕೂತದ್ದು, ಅತ್ತೆ ಗೌರಾಬಾಯಿ ಕ್ಯಾಲೆಂಡರಿಗೆ ಗೀಟು ಹಾಕಿದ್ದು, ಗಡಿಯಾರ ತಪ್ಪೀತು, ನಮ್ಮ ಸೊಸಿ ತಪ್ಪಂಗಿಲ್ಲ ನೋಡ್ರಿ ಎಂದು ನೆರೆಯವರೆದುರು ಮೆರೆದದ್ದು. ಈಗ ಅನುಜಾಳಿಗೆ ಹೇಳಿದರೆ ಆ ಮೂರು ವರ್ಷವನ್ನೂ ಹೇಳಬೇಕು, ಅದು ಗೌರಾಬಾಯಿಯ ಕಿವಿಗೆ ಬಿದ್ದರೆ ಗಂಡ ರಾಜೀವನಿಗೆ ಇನ್ನೊಂದು ಹೆಣ್ಣು ಹುಡುಕುತ್ತಾಳೆ, ಹೇಳದಿದ್ದರೆ — ಇಪ್ಪತ್ತೊಂಬತ್ತು ಅವಳಿಗೆ, ಮುಂದಿನ ವರ್ಷ ನೋಡೂಣು ತಗೋ ಅಕ್ಕಾ ಅನ್ನುತ್ತಲೇ ಇದ್ದಾಳೆ, ಇಲ್ಲ, ಏನಾದರಾಗಲಿ, ಹೇಳಿಬಿಡಬೇಕು.

ಕ್ವಾರ್ಟರ್ಸಿನ ಬಾಗಿಲು ತೆರೆದೇ ಇದೆ, ಅನುಜಾ ಪಡಸಾಲೆಯ ಮೂಲೆಯಲ್ಲಿ ಒಬ್ಬಳೇ ಕೂತಿದ್ದಾಳೆ, ಇಂದೂ ಬಾಗಿದೊಡನೆ ಕೈ ಹಿಂದಕ್ಕೆಳೆದುಕೊಳ್ಳುತ್ತಾಳೆ, ಮುಟ್ಟಬ್ಯಾಡ ಅಕ್ಕಾ, ಹೊರಗಾಗೀನಿ. ಅಡುಗೆಮನೆಯಲ್ಲಿ ಅವಳ ಅತ್ತೆ ಚಹಾ ಕುದಿಸುವ ಸಪ್ಪಳ, ಇಂದೂ ಪಿಸುದನಿಯಲ್ಲಿ ಹೇಳುತ್ತಾಳೆ, ಕಾಗದ, ಅಪ್ಪ, ರುದ್ರವ್ವ, ಮೂರು ವರ್ಷದ ಸುಳ್ಳು, ಎಲ್ಲ. ಅನುಜಾ ಬೆಚ್ಚುವುದಿಲ್ಲ, ಅಳುವುದೂ ಇಲ್ಲ, ಒಂದೂವರಿ ವರ್ಷ ಆತು ಅಕ್ಕಾ ನನಗೂ ನಿಂತು, ನಾನೂ ಸುಮ್ಮನ ಹಿಂಗ ಕುಂದರತೀನಿ. ನನಗ್ಯಾಕ ಹೇಳಲಿಲ್ಲ ಹುಚ್ಚಿ? ನೀ ತಿಂಗಳಾ ತಪ್ಪದ ಕುಂದರತಿದ್ದೆಲ್ಲ, ನನಗೊಬ್ಬಾಕಿಗೇ ಹಿಂಗ ಅಂದ್ಕೊಂಡೆ. ಒಂದೂವರೆ ವರ್ಷ, ಇಂದೂ ಬಾಯಿ ಬಿಟ್ಟಿದ್ದರೆ ಆಗಲೇ, ಬಿಟ್ಟಿದ್ದರೆ — ಅವಳು ಕೈ ಚಾಚುತ್ತಾಳೆ, ಮೈಲಿಗೆಯಾಗುವಂಥದ್ದು ಇಬ್ಬರಲ್ಲೂ ಒಂದು ಹನಿ ಉಳಿದಿಲ್ಲ, ಆದರೂ ಒಳಗೆ ಚಹಾದ ಕಪ್ಪುಬಸಿಯ ಸದ್ದಾದೊಡನೆ ತಂಗಿಯ ಕೈ ತಾನೇ ತಾನಾಗಿ ಹಿಂದಕ್ಕೆ, ಬಳೆಗಳ ಸಮೇತ ಹಿಂದಕ್ಕೆ, ಸೆರಗಿನೊಳಕ್ಕೆ ಸರಿದ ಆ ಕೈ, ಹಿಂದಕ್ಕೆ ಸರಿದ ಆ ಕೈ — ಆ ಕೈ —