ಬಲಗಡೆಯ ಹೂವು

ಗುಂಡ್ಲುಪೇಟೆಯಲ್ಲಿ ನನಗೆ ಹಾರ ಹಾಕಿದ ದಿನ ಹೆಡ್ ಮಾಸ್ತರರೊಬ್ಬರು ವೇದಿಕೆಯ ಮೇಲೆ ನಿಂತು ಒಂದು ಪ್ರಶ್ನೆ ಎತ್ತಿದರು. ಪೈಲ್ವಾನನನ್ನು ದೊಡ್ಡವನನ್ನಾಗಿ ಮಾಡುವುದು ಅವನ ಅದೃಷ್ಟವೋ, ಅವನ ಕಸುವೋ? ಓದಿದವರಿಗೆ ಇಂಥ ಪ್ರಶ್ನೆಗಳೆಂದರೆ ಬಲು ಇಷ್ಟ. ಅರ್ಧ ಗಂಟೆ ಮಾತಾಡಿ, ಎರಡೂ ಬೇಕು ಎಂದು ತೀರ್ಮಾನ ಕೊಟ್ಟು ಕೂತರು. ಜನ ಚಪ್ಪಾಳೆ ತಟ್ಟಿದರು, ನಾನೂ ಕೈ ಮುಗಿದೆ. ಎರಡೂ ಅಲ್ಲ ಸ್ವಾಮಿ, ನನ್ನನ್ನು ದೊಡ್ಡವನನ್ನಾಗಿ ಮಾಡಿದ್ದು ಒಂದು ಚಿಟಿಕೆ ಗಂಧ ಅಂತ ಕೊರಳಲ್ಲಿ ಮಣಭಾರದ ಹಾರ ಹಾಕಿಕೊಂಡು ಹೇಳಲಾಗುತ್ತದೆಯೇ?

ಅದು ಐವತ್ತೇಳನೇ ಇಸವಿ. ಟಿಕೆಟ್ ಕುಸ್ತಿಯ ಪೋಸ್ಟರುಗಳಲ್ಲಿ ಗಂಗಾಧರಸ್ವಾಮಿ ಎಂಬ ನನ್ನ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದ ಕಾಲ. ಮೈಸೂರು, ಊಟಿ, ಕೊಯಮತ್ತೂರು ಎಲ್ಲ ಕಡೆ ಡೇರೆ ತುಂಬುತ್ತಿತ್ತು. ಊರೂರಿನ ಜನ ನನ್ನ ತೋಳು ಮುಟ್ಟಿ ನೋಡುತ್ತಿದ್ದರು.

ಸನ್ಮಾನ ಮುಗಿದ ಮೇಲೆ ಬೇಗೂರಿನ ನಾಲ್ಕು ಜನ ನನ್ನನ್ನು ಹುಡುಕಿಕೊಂಡು ಬಂದರು. ಮುಂದೆ ನಿಂತವರು ಚಿಕ್ಕಬಸವಯ್ಯ ಎಂಬ ಹಿರಿಯರು.

"ನಮ್ಮೂರಲ್ಲಿ ಒಸ ಗರಡಿ ಎಬ್ಬಿಸಿವಿ ಸ್ವಾಮಿ. ಕಲಿಸಕ್ಕೆ ಒಬ್ಬ ವಸ್ತಾದ್ ಬೇಕು. ಇರಕ್ಕೆ ಮನೆ, ಉಣ್ಣಕ್ಕೆ ಒಂದೆಕರೆ ಗದ್ದೆ ಕೊಡ್ತೀವಿ. ಅರದನಳ್ಳಿ ಪುಟ್ಟಮಾದಯ್ಯನ್ನ ಮೂರು ಸಲ ಓಗಿ ಕೇಳ್ದೊ. ಒಲ್ಲೆ ಅಂತ ಕೂತವ್ನೆ. ನೀವು ಅವ್ನೂ ಒಂದೇ ಗರಡಿಯೋರಂತೆ. ನಿಮ್ಮ ಮಾತಾದ್ರೆ ಕೇಳ್ತಾನೆ."

ಆಯಿತು ಅಂದುಬಿಟ್ಟೆ. ಆರು ವರ್ಷದಿಂದ ನಾನು ಹರದನಹಳ್ಳಿಯ ದಾರಿ ಹಿಡಿದಿರಲಿಲ್ಲ.

ಚಾಮರಾಜನಗರದ ನಮ್ಮ ಗರಡಿಯ ಮಟ್ಟಿಯಲ್ಲಿ, ಎಂದರೆ ಕೆಮ್ಮಣ್ಣಿನ ಅಖಾಡದಲ್ಲಿ, ನಾನೂ ಪುಟ್ಟಮಾದಯ್ಯನೂ ಏಳು ವರ್ಷ ಹೊರಳಾಡಿದ್ದೆವು. ನನ್ನಪ್ಪನಿಗೆ ಊರಲ್ಲಿ ಬೆಲ್ಲದ ಮಂಡಿ. ಅವನು ಹರದನಹಳ್ಳಿಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡುವವನು, ಕೋಳಿ ಕೂಗುವ ಹೊತ್ತಿಗೆ ನಡೆದು ಬರುತ್ತಿದ್ದ. ಆಂಜನೇಯನ ಪೂಜೆ ನನ್ನ ಪಾಲಿಗಿತ್ತು. ಲಿಂಗಾಯತರ ಹುಡುಗ, ಮಾಂಸ ಮುಟ್ಟದವನು, ಅಪ್ಪ ದೀಪದೆಣ್ಣೆ ಕೊಡುವವನು ಅಂತ. ಮಟ್ಟಿ ಅಗೆದು, ಕಲ್ಲು ಆರಿಸಿ, ಮಣ್ಣಿಗೆ ಮಜ್ಜಿಗೆ ಅರಿಸಿನ ಕಲಸುವ ಕೆಲಸ ಅವನ ಪಾಲಿಗಿತ್ತು. ಇನ್ನು ಕುಸ್ತಿಯ ಮಾತು ಹೇಳಬೇಕೆಂದರೆ, ನೂರು ಸಲ ಹಿಡಿದಿದ್ದರೆ ತೊಂಬತ್ತು ಸಲ ಅವನು ನನ್ನನ್ನು ಚಿತ್ ಮಾಡಿದ್ದ. ಉಳಿದ ಹತ್ತು ಸಲ ಅವನಿಗೆ ಗೆಲ್ಲುವ ಮನಸ್ಸಿರಲಿಲ್ಲ.

ಐವತ್ತೊಂದರಲ್ಲಿ ಮೈಸೂರಿನಿಂದ ಕುಸ್ತಿ ಕಂಟ್ರಾಕ್ಟರ್ ಬಂದ. ನಿಮ್ಮ ಗರಡಿಯಿಂದ ಒಬ್ಬನೇ ಸಾಕು, ಇಬ್ಬರನ್ನೂ ಹಿಡಿಸಿ, ಗೆದ್ದವನನ್ನು ಕರೆದುಕೊಂಡು ಹೋಗುತ್ತೇನೆ ಅಂದ. ನಮ್ಮ ವಸ್ತಾದ್ ಲಿಂಗಯ್ಯನವರು ಕೆಂಡವಾದರು. ಒಂದೇ ಮಟ್ಟಿಯಲ್ಲಿ ಬೆಳೆದವರನ್ನು ಪರರ ಎದುರು ಜೋಡಿ ಕಟ್ಟುವ ಪದ್ಧತಿ ಯಾವ ಗರಡಿಯಲ್ಲೂ ಇಲ್ಲ. "ನಾಳೆ ಶನಿವಾರ ಆಂಜನೇಯನ್ನೇ ಊವ ಕೇಳನ. ಅವ್ನು ಯಾರ್ ಕಡಿಕ್ ಕೊಟ್ರೆ ಅವ್ನು ಓಗ್ಲಿ," ಅಂದರು.

ಹೂ ಕೇಳುವುದೆಂದರೆ ಇಷ್ಟೆ. ದೇವರ ಎರಡು ಭುಜಕ್ಕೂ ನೀರು ಮುಟ್ಟಿಸಿದ ಹೂವು ಅಂಟಿಸಿ ಕೈ ಮುಗಿದು ಕೂರುವುದು. ಮೊದಲು ಯಾವ ಕಡೆಯದು ಉದುರುತ್ತದೋ ಅದೇ ಅಪ್ಪಣೆ. ಗರಡಿಗೆ ಮೊದಲು ಸೇರಿದವನು ನಾನು, ಹಾಗಾಗಿ ಬಲಗಡೆಯದು ನನ್ನದು ಅಂತ ಹಿಂದಿನ ದಿನವೇ ಗೊತ್ತಾಗಿತ್ತು. ಎಡಗಡೆಯದು ಅವನದು. ಅಂಟಿಸುವ ಕೈ ಪೂಜೆಯವನದು, ಅಂದರೆ ನನ್ನದು.

ಬೆಳಿಗ್ಗೆ ಗರ್ಭಗುಡಿಯಲ್ಲಿ ನಾನೊಬ್ಬನೇ ಇದ್ದೆ. ಎಡಗಡೆಯ ಸೇವಂತಿಗೆಯ ಬೆನ್ನಿಗೆ ಗಟ್ಟಿ ಗಂಧ ಮೆತ್ತಿ ಒತ್ತಿದೆ. ಬಲಗಡೆಯದಕ್ಕೆ ನೀರು ಮುಟ್ಟಿಸಿದ ಶಾಸ್ತ್ರ ಮಾಡಿದೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಮಂಗಳಾರತಿಯ ಗಂಟೆ ಹೊಡೆಯುತ್ತಿದ್ದ ಹಾಗೇ ಬಲಗಡೆಯ ಹೂವು ಬಿತ್ತು. ಪುಟ್ಟಮಾದಯ್ಯ ನನಗಿಂತ ಮೊದಲು ಎದ್ದು ನನ್ನನ್ನು ಎತ್ತಿಕೊಂಡು ಕುಣಿದ. ಮಾರನೆಯ ದಿನದಿಂದ ಅವನು ಗರಡಿಗೆ ಬರಲಿಲ್ಲವಂತೆ. ನಾನು ಆಗಲೇ ಮೈಸೂರಿನಲ್ಲಿದ್ದೆ.

ಸನ್ಮಾನದ ಮಾರನೆಯ ದಿನ ಬೆಳಗಿನ ಬಸ್ಸಿಗೆ ಹರದನಹಳ್ಳಿಗೆ ಹೋದೆ. ಪುಟ್ಟಮಾದಯ್ಯ ಮನೆಯ ಮುಂದೆ ಗುದ್ದಲಿಗೆ ಕಾವು ಹಾಕುತ್ತಿದ್ದ. ಸ್ವಲ್ಪ ಬಡವಾಗಿದ್ದ, ಆದರೆ ಆ ಭುಜ ಹಾಗೇ ಇತ್ತು.

"ಬನ್ನಿ ಸ್ವಾಮಿ," ಎಂದು ಎದ್ದು ನಿಂತ.

ಗರಡಿಯೊಳಗೆ ನಾನು ಅವನಿಗೆ 'ಲೇ ಗಂಗಾ' ಆಗಿದ್ದೆ, ಹೊರಗೆ ಬಂದರೆ ಸ್ವಾಮಿ. ಈಗ ಅವನಿಗೆ ಗರಡಿಯೇ ಇಲ್ಲವಾದ್ದರಿಂದ ನಾನು ಪೂರ್ತಿ ಸ್ವಾಮಿಯಾಗಿಬಿಟ್ಟಿದ್ದೆ. ಅವನ ಹೆಂಡತಿ ರಾಚಮ್ಮ ಎಳನೀರು ಕೆತ್ತಿ ತಂದುಕೊಟ್ಟು ಬಾಗಿಲ ಬಳಿ ನಿಂತಳು. ನಾನು ಬೇಗೂರಿನ ಮಾತು ತೆಗೆದೆ.

"ಆಗಕ್ಕಿಲ್ಲ ಸ್ವಾಮಿ," ಅಂದ. ಬೇಸರವಿಲ್ಲದ, ತೀರ್ಮಾನವಾದ ದನಿ. "ಆ ಆಂಜನೇಯನೇ ನಂಗೆ ಬ್ಯಾಡ ಅಂದವ್ನೆ. ನಾ ಮಟ್ಟಿ ತುಳುದ್ರೆ ನನ್ ಕೈಲಿ ಕಲ್ತ ಐಕ್ಳಿಗೂ ಏಳ್ಗೆ ಇರಕ್ಕಿಲ್ಲ. ಕಂಡೋರ ಮಕ್ಳಿಗೆ ಯಾಕ್ ನನ್ ಅಣೆಬರ ಅಂಟಿಸ್ಲಿ?"

"ಗರಡಿ ಒಂದಕ್ಕೇ ಅಲ್ಲ ಸ್ವಾಮಿ," ಅಂದಳು ರಾಚಮ್ಮ. "ಪಾರೆಸ್ಟ್ ಗಾರ್ಡ್ ಕೆಲ್ಸ ಮನೆ ಬಾಗ್ಲಿಗೆ ಬಂತು, ನಂಗ್ ಆಗಿಬರಕ್ಕಿಲ್ಲ ಅಂದ್ರು. ಗೌಡ್ರು ಒಲ ಪಾಲಿಗೆ ಕೊಡ್ತೀನಿ ಅಂದ್ರು, ನಾ ಇಡುದ್ರೆ ಬೆಳೆ ಬರಕ್ಕಿಲ್ಲ ಅಂದ್ರು. ಏನ್ ಬಂದ್ರೂ ಒಂದೇ ಮಾತು, ದೇವ್ರು ಬ್ಯಾಡ ಅಂದವ್ನೆ. ನೀವಾದ್ರೂ ಬುದ್ಧಿ ಯೇಳಿ."

ನಾನು ಎಳನೀರನ್ನು ಕೆಳಗಿಟ್ಟೆ. ಇಷ್ಟು ದಿನ ನಾನು ಅವನಿಂದ ಕದ್ದದ್ದು ಒಂದು ಮೈಸೂರಿನ ಅವಕಾಶ ಅಂದುಕೊಂಡಿದ್ದೆ. ನಾನು ಕದ್ದದ್ದು ಅವನ ಇಡೀ ಧೈರ್ಯವನ್ನೇ ಎಂದು ಅವತ್ತು ತಿಳಿಯಿತು. ಇನ್ನು ಮುಚ್ಚಿಡಲು ಆಗಲಿಲ್ಲ.

"ಪುಟ್ಟಮಾದ, ದೇವರು ನಿನ್ನ ಬೇಡ ಅಂದಿಲ್ಲ ಕಣೊ. ಎಡಗಡೆ ಹೂವಿಗೆ ನಾನು ಗಂಧ ಮೆತ್ತಿದ್ದೆ, ಬೀಳಬಾರದು ಅಂತ. ಮೋಸ ಮಾಡ್ದೆ."

ರಾಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟಮಾದಯ್ಯ ಗುದ್ದಲಿಯ ಕಾವನ್ನೇ ನೋಡುತ್ತ ಕೂತ. ಅವನು ಹೊಡೆಯಲಿ ಎಂದು ನಾನು ಕಾದೆ. ಹೊಡೆದಿದ್ದರೆ ಆರು ವರ್ಷದ ಭಾರ ಅಲ್ಲೇ ಇಳಿದುಹೋಗುತ್ತಿತ್ತು.

"ನಾನು ಏನೂ ಅಲ್ಲ ಕಣೊ," ಮತ್ತೆ ಹೇಳಿದೆ. ಬಾಯಿ ಬಿಟ್ಟ ಮೇಲೆ ನಿಲ್ಲಿಸುವುದೇ ಕಷ್ಟವಾಯಿತು. "ಆ ಟಿಕೆಟ್ ಕುಸ್ತಿ ಎಲ್ಲ ಆಟ. ಯಾರು ಬೀಳಬೇಕು, ಯಾರು ಏಳಬೇಕು ಅಂತ ಕಂಟ್ರಾಕ್ಟರ್ ಮೊದಲೇ ಹೇಳಿರ್ತಾನೆ. ಬೀಳೋದನ್ನ ಜನಕ್ಕೆ ನಿಜ ಅನ್ನಿಸೋ ಹಾಗೆ ಬೀಳಬೇಕು, ಅದನ್ನೇ ನಾನು ಕಲಿತದ್ದು. ನಿಜವಾದ ಪೈಲ್ವಾನ ನೀನು. ಬೇಗೂರಿಗೆ ಹೋಗು."

ಅವನು ತಲೆ ಎತ್ತಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಗಂಧ ಮೆತ್ತುವಾಗ ಅವ್ನು ಎದ್ರುಗೇ ನಿಂತಿದ್ದ ಅಲ್ವರಾ?"

"ಯಾರು?"

"ಆಂಜನೇಯ. ನಾ ಬೇಕಾಗಿದ್ರೆ ನಿಮ್ ಕೈ ತಡೀತಿದ್ದ. ಇಲ್ಲ, ಗಂಧ ಇದ್ರೂ ಊವ ಉದುರುಸ್ತಿದ್ದ. ಬೆಟ್ಟ ಎತ್ತುದೋನ್ಗೆ ಒಂದು ಊವ ಎಷ್ಟರದು? ಸುಮ್ಕೆ ನೋಡ್ತಾ ನಿಂತ್ಕಂಡ ಅಂದ್ರೆ ಏನರ್ತ? ನಿಮ್ ತಪ್ಪಲ್ಲ ಬುಡಿ ಸ್ವಾಮಿ. ನಿಮ್ ಕೈಲಿ ಅವ್ನೇ ಮಾಡ್ಸಿದ್ದು."

ಅಷ್ಟು ಸುಲಭವಾಗಿ ಅವನು ನನ್ನನ್ನು ಬಿಟ್ಟುಬಿಟ್ಟ. ನನಗೆ ಎಲ್ಲಿಲ್ಲದ ರೋಷ ಬಂತು. ನನ್ನ ತಪ್ಪನ್ನು ನನ್ನದಾಗಿ ಇಟ್ಟುಕೊಳ್ಳಲೂ ಬಿಡದೆ ದೇವರ ಲೆಕ್ಕಕ್ಕೆ ಹಾಕುತ್ತಾನಲ್ಲ ಈ ಮೂರ್ಖ! ಹಾಗಾದರೆ ಆ ತೋಳು ಕೊಟ್ಟವನು ಯಾರು? ಶಲ್ಯ ಕಿತ್ತೆಸೆದು, ಅಂಗಿ ಬಿಚ್ಚಿ, ಹೋಗಿ ಅವನ ರಟ್ಟೆ ಹಿಡಿದು ಎಬ್ಬಿಸಿದೆ.

"ಏನ್ ಸ್ವಾಮಿ, ಬುಡಿ, ಬುಡಿ," ಅಂದ.

ಬಿಡಲಿಲ್ಲ. ಕುತ್ತಿಗೆಗೆ ಕೈ ಹಾಕಿ ಜಗ್ಗಿದೆ, ಕಾಲು ಕೊಟ್ಟು ಕೆಡವಲು ನೋಡಿದೆ. ಅವನನ್ನು ಸಿಟ್ಟಿಗೆಬ್ಬಿಸಬೇಕೆಂದು ಎದೆಗೆ ಗುದ್ದಿದೆ. ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯ ಸಲ ನುಗ್ಗಿದಾಗ ಅವನ ಸೊಂಟ ತಾನಾಗಿ ತಿರುಗಿತು. ನನ್ನ ತೋಳು ಅವನ ಹೆಗಲ ಮೇಲಿತ್ತು, ನನ್ನ ಹೊಟ್ಟೆ ಅವನ ಬೆನ್ನ ಮೇಲಿತ್ತು, ಆಮೇಲೆ ನೆಲದ ಮೇಲೆ ಅಂಗಾತ ಇದ್ದೆ. ಉಸಿರು ಪೂರ್ತಿ ಹೋಯಿತು. ಆರು ವರ್ಷ ಒಂದು ದಿನವೂ ಸಾಮು ಮಾಡದವನು, ದಿನಾ ಹಾಲು ಬಾದಾಮಿ ಕುಡಿದ ನನ್ನನ್ನು ಮೂಟೆ ಎಸೆದ ಹಾಗೆ ಎಸೆದಿದ್ದ.

"ಏಟಾಯ್ತೇನ್ಲಾ ಗಂಗಾ?" ಎಂದು ಗಾಬರಿಯಿಂದ ಬಗ್ಗಿದ.

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. "ನೋಡಿದ್ಯಾ? ನೋಡಿದ್ಯಾ ರಾಚಮ್ಮ?" ಎಂದು ಬಿದ್ದಲ್ಲೇ ಕೂಗಿದೆ. "ಇದನ್ನ ಯಾವ ದೇವರು ಬೇಡ ಅಂತಾನೆ?"

ಒಂದು ಕ್ಷಣ ಅವನ ಮುಖ ಹಳೆಯ ಪುಟ್ಟಮಾದಯ್ಯನದಾಗಿತ್ತು. ತನ್ನ ಎರಡು ಕೈಗಳನ್ನೂ ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ, ಮುಖದ ಆ ಬೆಳಕು ಇಳಿದುಹೋಯಿತು.

"ಬೇಕಂತ್ಲೇ ಬಿದ್ರಿ," ಅಂದ ಮೆಲ್ಲಗೆ. "ಈಗ್ ತಾನೇ ಅಂದ್ರಲ್ಲ, ನಿಜ ಅನ್ನಿಸೋ ಅಂಗೆ ಬೀಳೋದೇ ನಿಮ್ ಕಸುಬು ಅಂತ. ನನ್ ಮನ್ಸಿಗೆ ಸಮಾಧಾನ ಆಗ್ಲಿ ಅಂತ ಬಿದ್ರಿ. ದೊಡ್ಡೋರು ನೀವು."

"ಇಲ್ಲ ಕಣೊ! ನಿಜವಾಗಿ ಎತ್ತಿ ಹಾಕಿದೆ ನೀನು. ನನಗೆ ಏಳೋದಕ್ಕೂ ಆಗ್ತಿಲ್ಲ ನೋಡು."

"ಅದನ್ನೂ ಕಲ್ತಿರ್ತೀರಿ ಬುಡಿ."

ಮೊಣಕೈ ಊರಿ ಎದ್ದು ಕೂತೆ. ಬೆನ್ನಲ್ಲಿ ನಿಜವಾದ ನೋವು ಹತ್ತಿತ್ತು. ಅವನು ನಂಬಿದರೆ ಬೇಗೂರಿಗೆ ಹೋಗುತ್ತಾನೆ, ನಂಬದಿದ್ದರೆ ಈ ಗುದ್ದಲಿಯ ಜೊತೆಗೇ ಮುಗಿದುಹೋಗುತ್ತಾನೆ. ನನ್ನ ಹತ್ತಿರ ಇನ್ನೊಂದೇ ಒಂದು ಮಾತು ಉಳಿದಿತ್ತು. ಕೈ ನೆಲಕ್ಕೆ ಮುಟ್ಟಿಸಿ ಹೇಳಿದೆ.

"ಆಂಜನೇಯನಾಣೆ, ನಾನು ಬೇಕಂತ ಬೀಳಲಿಲ್ಲ."

ಪುಟ್ಟಮಾದಯ್ಯ ಮತ್ತೆ ತನ್ನ ಕೈಗಳನ್ನು ನೋಡಿಕೊಂಡ. ಅವನಿಗೂ ನಂಬುವ ಆಸೆಯಿತ್ತು, ಅದು ನನಗೆ ಕಾಣುತ್ತಿತ್ತು. ಆದರೆ ರಾಚಮ್ಮ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದು ಬಂದಳು. ನನ್ನ ಶಲ್ಯ, ಅಂಗಿ ಎತ್ತಿ, ಧೂಳು ಕೊಡವಿ ನನ್ನ ಪಕ್ಕದಲ್ಲಿಟ್ಟಳು.

"ಆ ದೇವ್ರ ಮೈಮ್ಯಾಲೇ ಸುಳ್ ಊವ ಅಂಟ್ಸಿದ್ ಕೈ ಅದು ಸ್ವಾಮಿ," ಅಂದಳು. "ಅವ್ನ್ ಎಸ್ರಲ್ಲಿ ನೀವು ಆಣೆ ಇಟ್ರೆ ನಾವು ಯಂಗೆ ನಂಬದು?"

ಪುಟ್ಟಮಾದಯ್ಯ ಕೂತು ಮತ್ತೆ ಗುದ್ದಲಿ ಕೈಗೆ ತೆಗೆದುಕೊಂಡ. ಶಲ್ಯ ಹೊದ್ದುಕೊಂಡು, ಸೊಂಟ ಹಿಡಿದುಕೊಂಡು ಬಸ್ಸಿನ ಕಡೆ ನಡೆದೆ.