ನಟರಾಜನ ಹೆಂಡತಿಯ ಹೆಸರು

ನಮ್ಮ ವಾರ್ಡು ಈ ಸಲವೂ ಮಹಿಳೆಗೆ ಮೀಸಲು ಅಂತ ಗೊತ್ತಾದ ದಿನವೇ ಊರಿನ ಇಬ್ಬರು ಗಂಡಸರು ಬಿಳಿ ಅಂಗಿ ಹೊಲಿಸಲು ಹಾಕಿದರು. ಒಬ್ಬ ಬಾಲರಾಜು, ಪಂಚಾಯ್ತಿಯ ಚರಂಡಿ ಮೋರಿ ಕೆಲಸವನ್ನೆಲ್ಲ ಗುತ್ತಿಗೆ ಹಿಡಿಯುವವನು. ಇನ್ನೊಬ್ಬ ನಟರಾಜು, ಕನಕಪುರದ ಕಡೆ ಕಲ್ಲುಕ್ವಾರಿಗೆ ಟಿಪ್ಪರ್ ಬಿಟ್ಟು ದುಡ್ಡು ಮಾಡಿದವನು. ನಾಮಿನೇಷನ್ ಹಾಕಿದ್ದು ಇವರ ಹೆಂಡತಿಯರು. ಪಾಂಪ್ಲೆಟ್ ಮನೆಗೆ ಬಂದಾಗ ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಗಂಡನ ಮುಖ ಮೊರದಗಲ, ಕೈ ಮುಗಿದ ಹೆಂಡತಿ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು. ಓಟು ಕೇಳುತ್ತಿರುವವರು ಯಾರು ಅಂತ ಕನ್ನಡಕ ಹಾಕಿಕೊಂಡು ಹುಡುಕಬೇಕಿತ್ತು.

ಅರಳಿಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅದೇ ತೂಗಾಟ. ಬಾಲರಾಜ ಫೋನ್ ಮಾಡಿದರೆ ಎತ್ತುತ್ತಾನೆ. ನಟರಾಜ ಕೈ ಬಿಚ್ಚಿ ಖರ್ಚು ಮಾಡುತ್ತಾನೆ. ಬಾಲರಾಜನಿಗೆ ತಾಲ್ಲೂಕು ಆಫೀಸು ಗೊತ್ತು. ನಟರಾಜನಿಗೆ ಆಫೀಸರುಗಳೇ ಗೊತ್ತು. ಆ ಹೆಂಗಸರ ಬಗ್ಗೆ ಒಬ್ಬನಾದರೂ ಒಂದು ಮಾತು ಆಡಿದ್ದನ್ನು ನಾನು ಕೇಳಲಿಲ್ಲ.

ನನ್ನ ಯಜಮಾನ ಲಕ್ಷ್ಮಯ್ಯನೂ ಕಟ್ಟೆಯಿಂದ ಎದ್ದು ಬಂದು, "ನಟರಾಜನೇ ವಾಸಿ ಕಣೆ ಸರಸು" ಎಂದ.

"ಯಾಕೆ, ನಟರಾಜ ಸೀರೆ ಉಟ್ಕಂಡು ನಿಂತವ್ನಾ? ಅವನ ಹೆಂಡ್ರ ಹೆಸ್ರೇನು, ಹೇಳು ನೋಡಣ" ಎಂದೆ.

ಲಕ್ಷ್ಮಯ್ಯ ತಲೆ ಕೆರೆದುಕೊಂಡು, "ನಟರಾಜನ ಹೆಂಡ್ತಿ" ಎಂದ.

ನನಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಪಾಂಪ್ಲೆಟ್ ತಿರುಗಿಸಿ ನೋಡಿದೆ. ಕೆಳಗೆ ಸಣ್ಣಕ್ಷರದಲ್ಲಿ ಪ್ರತಿಮಾ ಅಂತಿತ್ತು, ಗುರುತು ಹೊಲಿಗೆ ಮೆಷಿನ್ನು. ಬಾಲರಾಜನ ಹೆಂಡತಿ ನವ್ಯಶ್ರೀ, ಗುರುತು ಆಟೋ. ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ಊರಿನಲ್ಲಿ ಯಾರೂ ಆ ಹೆಸರು ಹಿಡಿದು ಕರೆದಿರಲಿಲ್ಲ.

ನನಗೆ ಬೇಕಾಗಿದ್ದದ್ದು ಒಂದೇ ಒಂದು. ಕೋಡಿಹಳ್ಳಿಯಿಂದ ಒಳಕ್ಕಿರುವ ನಮ್ಮೂರಲ್ಲಿ ನಮ್ಮ ಬೀದಿ ಪೂರ್ತಿ ರೇಷ್ಮೆ ಹುಳ ಸಾಕುವವರದು. ಹುಳ ಇರುವ ಮನೆಯ ಹಿಂದೆ ಮುಂದೆ ಎರಡೂ ಬಾಗಿಲಿಗೆ ಅಡ್ಡವಾಗಿ ಸುಣ್ಣ ಸುರಿದಿರುತ್ತೇವೆ. ಆ ಗೆರೆಯಾಚೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದವರಿಗೆ ಮಾತ್ರ ಒಳಗೆ ಬಿಡುವುದು. ಬೀಡಿ ಸೇದಿದವನಾಗಲಿ, ಸೆಂಟು ಬಳಿದುಕೊಂಡವನಾಗಲಿ, ಮನೆಯ ಅಳಿಯನೇ ಆಗಲಿ, ಹೊರಗೇ. ಅಷ್ಟು ನಾಜೂಕಿನ ಜೀವ ಅದು. ಹೋದ ಮಳೆಗಾಲದಲ್ಲಿ ಡೆಂಗಿ ಬಂತು ಅಂತ ಹೇಳದೆ ಕೇಳದೆ ಸೊಳ್ಳೆ ಹೊಗೆ ಬಿಡುವ ಮೆಷಿನ್ ತಂದು ಬೀದಿಯುದ್ದಕ್ಕೂ ಹೊಗೆ ಬಿಟ್ಟರು. ಬೆಳಗ್ಗೆ ನೋಡಿದರೆ ಹುಳಗಳು ತಲೆ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ ಬಿದ್ದಿದ್ದವು. ಮೊರದಲ್ಲಿ ತುಂಬಿ ಗುಂಡಿಗೆ ಸುರಿದೆ. ಕೇಳಲು ಹೋದರೆ, "ಜನ ಮುಖ್ಯನಾ, ಹುಳ ಮುಖ್ಯನಾ?" ಎಂದು ನನಗೇ ಪಾಠ ಹೇಳಿದ್ದು ಇದೇ ಬಾಲರಾಜ. ಆಗ ಮೆಂಬರ್ ಆಗಿದ್ದವಳು ಅವನ ತಾಯಿ. ಆಕೆ ಪಂಚಾಯ್ತಿ ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ.

ಹೊಗೆ ಬೇಡ ಅಂತ ನಾವ್ಯಾರೂ ಹೇಳಲಿಲ್ಲ. ಹಿಂದಿನ ದಿನ ಮೈಕಿನಲ್ಲಿ ಕೂಗಿಸಿ, ಕಿಟಕಿ ಬಾಗಿಲಿಗೆ ಒದ್ದೆ ಗೋಣಿ ಕಟ್ಟಿಕೊಳ್ಳುತ್ತೇವೆ ಅಂದೆವು. ಇಷ್ಟಕ್ಕೆ ಹೂಂ ಅನ್ನುವವಳಿಗೆ ನನ್ನ ಓಟು. ಈಗ ನನ್ನ ಹುಳ ನಾಲ್ಕನೇ ಜ್ವರ ಎದ್ದು, ಕಡೇ ಸಲದ ಪೊರೆ ಬಿಟ್ಟು, ಸೊಪ್ಪು ಹಾಕಿದಷ್ಟೂ ಮಳೆ ಹುಯ್ದ ಹಾಗೆ ಸದ್ದು ಮಾಡುತ್ತಾ ತಿನ್ನುತ್ತಿದ್ದವು. ಇನ್ನೊಂದು ವಾರ ಕಾಪಾಡಿಕೊಂಡರೆ ಗೂಡು ಕಟ್ಟುತ್ತವೆ.

ಮೊದಲು ಬಂದವನು ಬಾಲರಾಜ, ಹೆಂಡತಿಯನ್ನು ಕರೆದುಕೊಂಡು. ನಾನು ನವ್ಯಶ್ರೀಯ ಮುಖ ನೋಡಿಕೊಂಡೇ ಹೊಗೆ ವಿಷಯ ಕೇಳಿದೆ. "ಎಲ್ಲಾ ಮಾಡಣ ಬುಡಕ್ಕ" ಎಂದ ಬಾಲರಾಜ.

"ನಿನ್ನ ಕೇಳ್ನಿಲ್ಲ ಕಣಪ್ಪ. ಅವಳ್ಗೂ ಬಾಯಿ ಐತಲ್ಲ."

ಆ ಹುಡುಗಿ ಗಂಡನ ಕಡೆ ನೋಡಿ, "ಅವ್ರು ಹೇಳ್ದಂಗೆ ಅಕ್ಕ" ಎಂದಳು. ಪಾಪ ಅನ್ನಿಸಬೇಕಿತ್ತು. ನನಗೆ ಕೋಪವೇ ಬಂತು.

ಮರುದಿನ ನಟರಾಜ ಬಂದ, ಒಬ್ಬನೇ. ಸೆಂಟಿನ ವಾಸನೆ ಬೀದಿ ತಿರುವಿನಿಂದಲೇ ಹೊಡೆಯುತ್ತಿತ್ತು. ಸುಣ್ಣದಾಚೆ ನಿಲ್ಲಿಸಿ, "ಕ್ಯಾಂಡಿಡೇಟ್ ಎಲ್ಲಪ್ಪಾ?" ಎಂದೆ.

"ಅವಳ್ಗೆ ಕಾಲು ನೋವಕ್ಕ, ಮನೇಲಿ ಮಲಗವ್ಳೆ. ನಾ ಬಂದಿವ್ನಲ್ಲ" ಎಂದು ಹಲ್ಲು ಕಿರಿದ. ನಾನು ಹೊಗೆಯ ಮಾತೆತ್ತಿದೆ. "ನಿಮ್ಗೆ ಹೇಳ್ದೆ ಹೊಗೆ ಬುಟ್ರೆ ನನ್ನ ಹೆಸ್ರು ನಟರಾಜನೇ ಅಲ್ಲ" ಎಂದು ಎದೆ ತಟ್ಟಿಕೊಂಡು ಹೋದ.

ಅವತ್ತೇ ಮಧ್ಯಾಹ್ನ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ನೋಡಿದರೆ ಒಬ್ಬ ಹೆಂಗಸು, ಬರಿಗಾಲಲ್ಲಿ. ನಾನು ಹೇಳುವ ಮೊದಲೇ ತೊಟ್ಟಿಯಲ್ಲಿ ಕೈಕಾಲು ತೊಳೆದುಕೊಂಡು ಸುಣ್ಣದಾಚೆ ನಿಂತಳು. ಬೆಂಕಿಪೊಟ್ಟಣದಷ್ಟು ಫೋಟೋದಲ್ಲಿ ಕಂಡ ಮುಖ ಅದೇ ಅಂತ ತಿಳಿಯಲು ಒಸಿ ಹೊತ್ತಾಯಿತು.

"ಸರಸಮ್ಮಕ್ಕ, ಇವತ್ತು ಸಂಜೆ ಹೊಗೆ ಮೆಷಿನ್ ಬತ್ತದೆ. ನಮ್ಮನೆಯವ್ರೇ ಬಾಡಿಗೆಗೆ ತರ್ಸವ್ರೆ. ಫೋಟೋ ತೆಗ್ಯೋರೂ ಬತ್ತಾರೆ. ನಿಮ್ಮ ಬೀದಿಯಿಂದ್ಲೇ ಶುರು. ಬೇಗ ಗೋಣಿ ಕಟ್ಕಳಿ."

ಅವಳ ತವರು ಮಾಗಡಿ ಕಡೆಯ ಕೆಂಪಾಪುರ, ಅಲ್ಲೂ ಹುಳದ ಮನೆಯಂತೆ. ನನಗೆ ಪಿತ್ತ ನೆತ್ತಿಗೇರಿತು. "ಇದ್ನ ಗಂಡನಿಗೆ ಹೇಳಕ್ಕಾಗ್ನಿಲ್ವಾ ನಿಂಗೆ?"

"ಹೇಳ್ದೆ. ಹುಳ ಸಾಯ್ತವೆ, ಬ್ಯಾಡ ಅಂದೆ. ಅದ್ಕೇ ಪ್ರಚಾರಕ್ಕೆ ಕರ್ಕಂಡು ಬತ್ತಿಲ್ಲ. ಕಾಲು ನೋವು ಅಂತವ್ರಂತೆ. ನಾನು ಹೇಳ್ದೆ ಅನ್ಬೇಡಿ ಅಕ್ಕ."

"ನೀನು ಕ್ಯಾಂಡಿಡೇಟು ಕಣವ್ವ! ಓಟು ಕೇಳೋಳು ಮುಂಬಾಗಿಲಲ್ಲಿ ಬಾರದೆ ಕಳ್ಳಿ ಹಂಗೆ ಹಿತ್ತಲಲ್ಲಿ ಬತ್ತೀಯಲ್ಲ, ನಾಚ್ಕೆ ಆಗಕಿಲ್ವಾ?"

ಅವಳು ಗೋಡೆ ಪಕ್ಕದಲ್ಲಿದ್ದ ಗೋಣಿಚೀಲ ತೆಗೆದು ತೊಟ್ಟಿಯಲ್ಲಿ ಅದ್ದಿದಳು. ಲಕ್ಷ್ಮಯ್ಯನನ್ನು ಬೀದಿಯ ಮನೆಮನೆಗೂ ಓಡಿಸಿ, ನಾನೂ ಅವಳೂ ನಮ್ಮನೆಯ ಕಿಟಕಿಗಳಿಗೆ ಗೋಣಿ ಕಟ್ಟುತ್ತಾ ಹೋದೆವು. ಕೆಲವರು ಕೋಡಿಹಳ್ಳಿಗೆ ಹೋಗಿದ್ದರು, ಅವರ ಹುಳದ ಮನೆಗೆ ಬೀಗ. ಗೋಣಿ ಕಟ್ಟಿ ಉಳಿಸಿಕೊಳ್ಳುವ ಕೆಲಸ ಅಲ್ಲ ಅಂತ ಆಗಲೇ ಗೊತ್ತಾಯಿತು. ಅದಕ್ಕೇ ಸಂಜೆ ಜೀಪಿನ ಹಾರ್ನ್ ಕೇಳಿದಾಗ ಬೀದಿಯ ಹೆಂಗಸರೆಲ್ಲ ರಸ್ತೆಗೆ ಅಡ್ಡ ನಿಂತೆವು.

ಜೀಪಿನ ಹಿಂದೆ ಮೆಷಿನ್ ಹಿಡಿದವನು ಬುರ್ರೆಂದು ಚಾಲೂ ಮಾಡಿ ನಿಂತಿದ್ದ. ನಟರಾಜ ಮೈಕಿನಲ್ಲಿ ನಮ್ಮ ಆರೋಗ್ಯದ ಬಗ್ಗೆ ಮಾತಾಡುತ್ತಿದ್ದ.

"ಬೆಳಗ್ಗೆ ತಾನೆ ಎದೆ ಬಡ್ಕಂಡೆಯಲ್ಲೋ! ಈಗ ಏನಂತ ಕರೀಲಿ ನಿನ್ನ?" ಎಂದು ಕೂಗಿದೆ.

ಅವನ ಮುಖ ಗಂಟಾಯಿತು. "ದಾರಿ ಬುಡಿ ಅಕ್ಕ. ಹೊಗೆ ಬತ್ತದೆ ಅಂತ ನಿಮ್ಗೆ ಯಾರು ಹೇಳಿದ್ದು? ಆ ಬಾಲರಾಜನ ಕಡೆಯೋರಾ?"

ನಾನು ಬಾಯಿ ಬಿಡಲಿಲ್ಲ. ಹೇಳಬೇಡಿ ಅಂತ ಅವಳು ಕೇಳಿಕೊಂಡಿದ್ದಳಲ್ಲ. ಅಷ್ಟರಲ್ಲಿ ನನ್ನ ಮನೆಯ ಮುಂಬಾಗಿಲು ತೆರೆಯಿತು. ಅವಳು ಹಿತ್ತಲಿಂದ ಹೊರಟುಹೋಗಿದ್ದಾಳೆ ಅಂದುಕೊಂಡಿದ್ದೆ. ಗೋಣಿನೀರಿಗೆ ಸೆರಗು ತೊಯ್ದಿತ್ತು. ಫೋಟೋದವರ ಎದುರಿಗೇ ನಡೆದು ಬಂದು ಜೀಪಿನ ಮುಂದೆ ನಿಂತಳು.

"ನಾನೇ ಹೇಳಿದ್ದು. ಮೆಷಿನ್ ನಿಲ್ಸಿ."

"ಮನೆಗ್ ನಡಿಯೇ" ಎಂದ ನಟರಾಜ, ಹಲ್ಲು ಕಡಿದು.

"ಓಟು ನನ್ಗೆ ತಾನೆ ಕೇಳ್ತಿರೋದು? ಹಂಗಾದ್ರೆ ನಾನು ಹೇಳ್ತಾವ್ನಿ. ನಿಲ್ಸಿ."

ಮೆಷಿನ್ ಹಿಡಿದವನು ಅವಳ ಮುಖ ನೋಡಿದ, ನಟರಾಜನ ಮುಖ ನೋಡಿದ, ಬಟನ್ ಒತ್ತಿ ಆಫ್ ಮಾಡಿದ. ಬೀದಿ ತಣ್ಣಗಾಯಿತು. ಮೈಕು ಇನ್ನೂ ಆನ್ ಇತ್ತು. ನಟರಾಜ ಅಂದದ್ದು ಇಡೀ ಊರಿಗೆ ಕೇಳಿಸಿತು: "ಇನ್ನು ನನ್ನ ಮನೆ ಹೊಸ್ಲು ತುಳೀಬ್ಯಾಡ."

ಅವಳು ನಮ್ಮ ಮನೆಯಲ್ಲೇ ಉಳಿದಳು. ಅವನು ಸುಮ್ಮನಿದ್ದಾನೆಯೇ? ಬೆಳಗ್ಗೆ ಅವನದೇ ಪ್ರಚಾರದ ಆಟೋ ಮೈಕು ಕಟ್ಟಿಕೊಂಡು ಊರು ಸುತ್ತಿತು. ನಟರಾಜಣ್ಣನವರ ಶ್ರೀಮತಿ ಕಣದಿಂದ ಹಿಂದೆ ಸರಿದಿದ್ದಾರೆ, ಎಲ್ಲರೂ ಬಾಲರಾಜಣ್ಣನವರ ಶ್ರೀಮತಿಗೆ ಮತ ಕೊಡಿ, ಅಂತ. ನಿನ್ನೆಯವರೆಗೆ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿಯುತ್ತಿದ್ದ ಗಂಡಸರು ಒಂದೇ ಬೆಂಚಿನಲ್ಲಿ ಟೀ ಕುಡಿದರು. ಅವಳ ಹೆಸರು ಹೇಳಿ ಸರಿಸುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ, ಬೇವರ್ಸಿಗಳು.

ವಾಪಸು ತೆಗೆದುಕೊಳ್ಳುವ ತಾರೀಕು ಮುಗಿದಿತ್ತು, ಬ್ಯಾಲೆಟ್ಟಿನಲ್ಲಿ ಹೆಸರು ಹಾಗೇ ಇರುತ್ತದೆ ಅಂತ ಅವಳೇ ಹೇಳಿದಳು. ಹುಳಕ್ಕೆ ಸೊಪ್ಪು ಹಾಕುವ ಕೆಲಸ ಅವಳಿಗೆ ಬಿಟ್ಟು ನಾನು ಬೀದಿಗಿಳಿದೆ. ಪ್ರತಿ ಮನೆಯ ಅಡುಗೆಮನೆಗೂ ಹೋದೆ. "ನಟರಾಜನ ಹೆಂಡ್ತಿ ಹಿಂದಕ್ಕೆ ಸರಿದ್ಳಂತೆ. ಸರೀಲಿ ಬುಡಿ. ಪ್ರತಿಮಾ ಅಂತ ಒಬ್ಳು ನಿಂತವ್ಳೆ, ಹೊಲಿಗೆ ಮೆಷಿನ್ನು. ಅವಳ್ಗೆ ಒತ್ತಿ" ಎಂದೆ. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಗಂಡಸರಿಗೆ ಹೇಳುವ ಗೋಜಿಗೆ ಯಾರೂ ಹೋಗಲಿಲ್ಲ.

ಎಣಿಕೆಯ ದಿನ ಕನಕಪುರದಲ್ಲಿ ಮೈಕಿನವನು "ಪ್ರತಿಮಾ" ಎಂದು ಕೂಗಿದಾಗ ಗೇಟಿನ ಹೊರಗಿದ್ದ ನಮ್ಮೂರ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಯಾರ್ಲಾ ಅದು?"

"ನಟರಾಜನ ಹೆಂಡ್ರು ಕಣ್ಲಾ!"

ಮರುಗಳಿಗೆಗೆ ಬಾಲರಾಜನಿಗೆ ಅಂತ ತಂದಿದ್ದ ಹಾರ ನಟರಾಜನ ಕೊರಳಿಗೆ ಬಿತ್ತು. ಅವಳನ್ನು ಹೊಸಿಲಾಚೆ ದಬ್ಬಿದವನು, ಅವಳ ವಿರುದ್ಧ ಆಟೋ ಬಿಟ್ಟವನು, ನಾಚಿಕೆ ಇಲ್ಲದೆ ಕತ್ತು ಮುಂದೆ ಚಾಚಿದ. ಆ ಕತ್ತು ಹಿಚುಕುವಷ್ಟು ಸಿಟ್ಟು ಬಂತು ನನಗೆ. ಲಕ್ಷ್ಮಯ್ಯ ಕೈ ಹಿಡಿದು ಬೈಕಿನಲ್ಲಿ ಕೂರಿಸಿಕೊಂಡು ಬಂದ.

ಹುಳ ಮೇವು ಬಿಟ್ಟು ಹಣ್ಣಾಗಿದ್ದವು. ಪ್ರತಿಮಾ ಆರಿಸಿ ಆರಿಸಿ ಗೂಡು ಕಟ್ಟಲು ಬಿದಿರು ತಟ್ಟಿಯ ಚಂದ್ರಿಕೆಗೆ ಬಿಡುತ್ತಿದ್ದಳು. "ಗೆದ್ದೆ ಕಣವ್ವ" ಎಂದೆ. ಕೈ ನಿಂತಿತು, ಕಣ್ಣು ತುಂಬಿಕೊಂಡಿತು. ಅಷ್ಟರಲ್ಲಿ ಬೀದಿ ತುದಿಯಲ್ಲಿ ಪಟಾಕಿ, ಜೀಪು, ಜನ. ನಟರಾಜ ಹಾರ ಹಾಕಿಕೊಂಡೇ ಬಾಗಿಲಿಗೆ ಬಂದ.

"ಆಗಿದ್ದು ಆಗೋಯ್ತು ಬಾ. ಗೆದ್ವಲ್ಲ! ಜೀಪ್ ಹತ್ತು" ಎಂದು ಕಾಲೆತ್ತಿದ.

"ಅಲ್ಲೇ ನಿಂತ್ಕಳಿ" ಎಂದಳು ಪ್ರತಿಮಾ. ದನಿ ಏರಿಸಲಿಲ್ಲ. "ಮೈಯೆಲ್ಲ ಪಟಾಕಿ ಹೊಗೆ. ಸುಣ್ಣ ದಾಟ್ಬೇಡಿ. ಏನಾದ್ರೂ ಕೆಲ್ಸ ಇದ್ರೆ ಪಂಚಾಯ್ತಿ ಆಫೀಸಿಗೆ ಬನ್ನಿ, ಮೆಂಬರ್ ಅಲ್ಲೇ ಸಿಕ್ತಾಳೆ."

ಎತ್ತಿದ ಕಾಲನ್ನು ಎಲ್ಲಿ ಇಡಬೇಕೋ ಅವನಿಗೆ ತಿಳಿಯಲಿಲ್ಲ. ಹಿಂದಿದ್ದ ಜನ ಪಟಾಕಿ ಹಚ್ಚುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಚಂದ್ರಿಕೆ ಹೊತ್ತುಕೊಂಡು ಹೊರಗಿನಿಂದ ಬಂದ ನನ್ನ ಲಕ್ಷ್ಮಯ್ಯನಿಗೆ ಬಾಗಿಲಲ್ಲಿ ದಾರಿ ಸಿಗಲಿಲ್ಲ.

"ಒಸಿ ಆಚೆಗ್ ನಿಂತ್ಕೊ, ಪ್ರತಿಮನ ಗಂಡ" ಎಂದ.