ಪುಶ್ ಸ್ಟಾರ್ಟ್

ರಾಮಲಕ್ಷ್ಮಮ್ಮ ಆ ಜೀಪಿಗೆ ಕಾದಷ್ಟು ಮಳೆಗೂ ಕಾದವಳಲ್ಲ. ಕಂಪನಿಯವರು ಯಾವತ್ತೋ ನಿಲ್ಲಿಸಿದ್ದ ಹಳೇ ಮಾಡೆಲ್ ಜೀಪು ಮತ್ತೆ ಬರುತ್ತದಂತೆ ಎಂಬ ಸುದ್ದಿ ಮೇಲೂರಿಗೆ ಮುಟ್ಟಿದಾಗಿನಿಂದ ಮಗಳು ಹರಿಣಿಯ ಫೋನು ತಾಯಿಯ ಕೈಯಲ್ಲೇ ಇತ್ತು. ದೀಪಾವಳಿಗೆ ಅಂದರು, ಬರಲಿಲ್ಲ. ಯುಗಾದಿಗೆ ಅಂದರು, ಬರಲಿಲ್ಲ. ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಲೇ ಫೋನಿನಲ್ಲಿ ಅದರ ಮೊಂಡು ಮೂತಿಯನ್ನೂ ದುಂಡು ದೀಪಗಳನ್ನೂ ನೋಡಿ ಹಲ್ಲು ಕಡಿಯುತ್ತಿದ್ದಳು. ಅದು ಜೀಪಿನ ಮೇಲಿನ ಆಸೆಯಲ್ಲ, ಚನ್ನಕೇಶವನ ಮೇಲಿನ ಸಿಟ್ಟು.

ಚನ್ನಕೇಶವ ಅವಳ ಗಂಡನ ದೊಡ್ಡಪ್ಪನ ಮಗ. ಅವಳನ್ನು ಮೊದಲು ಕೇಳಿದ್ದು ಅವನಿಗೇ. ಬಾಯಿ ಜೋರಿನವನಿಗೆ ಹೆಣ್ಣು ಕೊಡಲ್ಲ ಎಂದು ತೊಂಡೇಬಾವಿಯ ಅವಳಪ್ಪ ಅವನ ತಮ್ಮನ ವರಸೆಯ ಮುನಿನಾರಾಯಣಪ್ಪನಿಗೆ ಕೊಟ್ಟ. ಮದುವೆಯಾಗಿ ಹೆಣ್ಣುಗಂಡು ಊರಿಗೆ ಬಂದದ್ದು ಚನ್ನಕೇಶವನ ಜೀಪಿನಲ್ಲೇ, ಇದೇ ಮಾಡೆಲ್ಲು. ಊರಬಾಗಿಲಲ್ಲಿ, ವಾಲಗದವರ ಎದುರಿಗೆ ಅವನು ಬೇಕಂತಲೇ ಎಂಜಿನ್ ನಿಲ್ಲಿಸಿ, "ಸೆಲ್ಫ್ ತಗೊಳ್ತಿಲ್ಲ ಕಣೋ, ಇಳಿದು ತಳ್ಳು" ಅಂದ. ಬಾಸಿಂಗ ಕಟ್ಟಿದ ಮದುಮಗ ಪಂಚೆ ಎತ್ತಿಕಟ್ಟಿ ದೇವಸ್ಥಾನದವರೆಗೂ ತಳ್ಳಿದ. ಯಾರೋ ತೆಲುಗಿನಲ್ಲಿ "ತೋಪುಡು ಪೆಂಡ್ಲಿಕೊಡುಕು" ಅಂದರು, ತಳ್ಳೋ ಮದುಮಗ ಅಂತ. ಅವತ್ತಿನಿಂದ ಮುನಿನಾರಾಯಣಪ್ಪನ ಹೆಸರೇ ತೋಪುಡು. ರೇಷನ್ ಅಂಗಡಿಯಲ್ಲೂ ತೋಪುಡು, ಸಾವಿನ ಮನೆಯಲ್ಲೂ ತೋಪುಡು. ಕರೆದರೆ ಆ ಮಹರಾಯ ನಗುತ್ತಾ ಓಗೊಡುತ್ತಿದ್ದ. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ತನ್ನ ಜೀಪನ್ನು ಗುಜರಿಗೆ ಹಾಕಿದ್ದ ಚನ್ನಕೇಶವ ಈಗ ಅರಳಿಕಟ್ಟೆಯಲ್ಲಿ ಕೂತು, "ಬರಲಿ, ಊರಿಗೆ ಮೊದಲನೇ ಗಾಡಿ ನಂದೇ" ಎಂದು ಡಂಗುರ ಹೊಡೆಯುತ್ತಿದ್ದ. ಬುಕಿಂಗ್ ಶುರುವಾದ ಬೆಳಿಗ್ಗೆ ಅವನು ಹಲ್ಲುಜ್ಜುವುದರೊಳಗೆ ರಾಮಲಕ್ಷ್ಮಮ್ಮ ಚಿಕ್ಕಬಳ್ಳಾಪುರದ ಶೋರೂಮಿನ ಬಾಗಿಲಲ್ಲಿದ್ದಳು. ಡ್ರೈವಿಂಗೂ ಕಲಿತಳು. ಗಾಡಿ ತರಲು ಒಬ್ಬಳೇ ಹೋದ ದಿನ ಸೇಲ್ಸ್‌ನವನು ಸ್ಟೇರಿಂಗಿನ ಪಕ್ಕದ ಗುಂಡಿ ತೋರಿಸಿ, "ಬ್ರೇಕ್ ತುಳಿದು ಇದನ್ನ ಒತ್ತಿ ಅಮ್ಮ. ಪುಶ್ ಸ್ಟಾರ್ಟ್ ಅಂತಾರೆ" ಅಂದ.

"ಪುಶ್ ಅಂದ್ರೆ ತಳ್ಳೋದಲ್ವೇನಪ್ಪ?" ಎಂದು ಕೇಳಿದವಳಿಗೆ ಊರು ಮುಟ್ಟುವ ತನಕ ನಗು ತಡೆಯಲಾಗಲಿಲ್ಲ.

ಪೂಜೆಯನ್ನು ಊರಬಾಗಿಲಲ್ಲೇ ಇಟ್ಟುಕೊಂಡಳು. ಚನ್ನಕೇಶವನನ್ನು ತಾನೇ ಹೋಗಿ ಕರೆದಳು. ರೇಷ್ಮೆ ಪಂಚೆ ಉಟ್ಟು ಬಂದವನು ಹೊಟ್ಟೆಕಿಚ್ಚು ಮುಚ್ಚಿಕೊಳ್ಳಲು ಬಾನೆಟ್ ತಟ್ಟಿ, "ತಗಡು ತೆಳು" ಅಂದ. ಚಕ್ರದಡಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದದ್ದಾಯಿತು.

"ಬಾವನೋರೆ, ಇದು ಪುಶ್ ಸ್ಟಾರ್ಟ್ ಅಂತೆ. ಹಂಗಂದ್ರೇನು?" ಎಂದು ಎಲ್ಲರ ಮುಂದೆ ಕೇಳಿದಳು.

"ಅಷ್ಟೂ ಗೊತ್ತಿಲ್ವಾ? ಹಳೇ ಮಾಡೆಲ್ ಅಂದ್ಮೇಲೆ ಹಳೇ ಪದ್ಧತೀನೇ. ತಳ್ಳಿ ಸ್ಟಾರ್ಟ್ ಮಾಡ್ಬೇಕು. ಜೀಪಿನ ವಿಷ್ಯ ನನ್ನ ಕೇಳಮ್ಮ."

"ಹಂಗಾದ್ರೆ ಮನೆಗೆ ಹಿರೀಕರು, ಮೊದಲನೇ ಕೈ ನಿಮ್ಮದೇ ಆಗ್ಲಿ."

ಆಡಿದ ಮಾತು ನುಂಗುವ ಹಾಗಿರಲಿಲ್ಲ. ಅವನು ಹಿಂದೆ ಹೋಗಿ ಹೆಗಲು ಕೊಟ್ಟ. ಅವಳು ಒಳಗೆ ಕೂತು ಬ್ರೇಕನ್ನು ಇದ್ದಬದ್ದ ಶಕ್ತಿಯಿಂದ ತುಳಿದಳು. ಅವನು ಮುಕ್ಕರಿದ, ತಿಣುಕಿದ, ಚಪ್ಪಲಿ ಜಾರಿ ಮಂಡಿಯೂರಿದ. "ಇನ್ನೂ ಜೋರಾಗಿ ಬಾವನೋರೆ," ಅಂದಳು. ಗುಂಡಿಯ ಗುಟ್ಟು ತಿಳಿದ ಪಡ್ಡೆಗಳು ಬಾಯಿಗೆ ಟವಲು ಅಡ್ಡ ಹಿಡಿದರು. ಅವಳ ಹೊಟ್ಟೆಗೆ ಹಾಲು ಹುಯ್ದ ಹಾಗಾಯಿತು. ಇವತ್ತಿನಿಂದ ತೋಪುಡು ಯಾರು ಅಂತ ಊರೇ ಹೇಳಲಿ ಅಂದುಕೊಂಡಳು.

ಅಷ್ಟರಲ್ಲಿ ನಗು ಇದ್ದಕ್ಕಿದ್ದಂತೆ ಜಾಸ್ತಿಯಾಯಿತು. ಕನ್ನಡಿಯಲ್ಲಿ ನೋಡಿದಳು. ಚನ್ನಕೇಶವನ ಪಕ್ಕದಲ್ಲಿ ಅವಳ ಗಂಡ ಪಂಚೆ ಎತ್ತಿಕಟ್ಟಿ ಜೀಪಿಗೆ ಹೆಗಲು ಕೊಟ್ಟಿದ್ದ. ಅಣ್ಣ ಒಬ್ಬನೇ ಒದ್ದಾಡುವುದನ್ನು ಅವನಿಂದ ನೋಡಲಾಗಿರಲಿಲ್ಲ.

"ತೋಪುಡು ಇರೋವಾಗ ಪುಶ್ ಸ್ಟಾರ್ಟಿಗೇನು ಚಿಂತೆ," ಎಂದು ಕಟ್ಟೆಯ ಮೇಲಿಂದ ಮುದುಕ ಕೋನಪ್ಪ ಅಂದ. ಊರು ಗೊಳ್ಳೆಂದಿತು. ಚನ್ನಕೇಶವ ಮೆಲ್ಲಗೆ ಪಕ್ಕಕ್ಕೆ ಸರಿದು, ಮಂಡಿಯ ಧೂಳು ಕೊಡವಿಕೊಂಡು, ಎಲ್ಲರ ಜೊತೆ ಸೇರಿ ನಕ್ಕ.

ಮುನಿನಾರಾಯಣಪ್ಪ ಏದುಸಿರು ಬಿಡುತ್ತಾ ಕಿಟಕಿಯ ಹತ್ತಿರ ಬಂದ. ಮುಖದ ತುಂಬ ಮದುವೆಯ ದಿನದ್ದೇ ನಗು.

"ಬಲೇ ಗಟ್ಟಿ ಗಾಡಿ ಕಣೇ, ಅಲ್ಲಾಡ್ತಾನೇ ಇಲ್ಲ. ನೀನು ಧೈರ್ಯವಾಗಿ ಕೂತ್ಕೋ, ನಾನು ತಳ್ತೀನಿ."

ಅವಳ ಕಾಲು ಇನ್ನೂ ಬ್ರೇಕಿನ ಮೇಲೇ ಇತ್ತು.